ಪ್ಯಾಂಗಾಂಗ್ ಸರೋವರದ ಮೇಲಿನ 329 ಬೆಳಕುಗಳು: ಮುಚ್ಚಿಟ್ಟದ್ದು ಏನು?

ಇರುಳುನೋಟ (ಶಿವಮೊಗ್ಗ):

ಹಾರುವ ತಟ್ಟೆಗಳ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ನೇರವಾಗಿ, 1947ರಲ್ಲಿ ಹಾರುವ ತಟ್ಟೆ ಬಿತ್ತೆಂದು ಸುದ್ದಿಯಾದ ಅಮೆರಿಕದ ರಾಸ್‌ವೆಲ್‌ಗೆ ಹೋಗಿ ನಿಲ್ಲುತ್ತದೆ. ನಮ್ಮದೇ ಗಡಿಯಲ್ಲಿ ನಡೆದ, ಬೆಂಗಳೂರಿನ ವಿಜ್ಞಾನಿಗಳು ಬಿಡಿಸಿದ ಪ್ರಕರಣವೊಂದಿದೆ. ಅದನ್ನು ಯಾರೂ ಇಲ್ಲಿ ಪೂರ್ತಿಯಾಗಿ ಬರೆದಂತಿಲ್ಲ. ಬರಹ ಉದ್ದವಾಗಿದೆ, ತಾಳ್ಮೆಯಿಂದ ಓದಿ.

2012ರ ಆಗಸ್ಟ್. ಲಡಾಖ್‌ನ ಪ್ಯಾಂಗಾಂಗ್ ಸರೋವರದ ಬಳಿ, ಠಾಕುಂಗ್ ಸುತ್ತಮುತ್ತ ಪಹರೆಯಲ್ಲಿದ್ದ ಸೈನಿಕರಿಗೂ ಇಂಡೋ-ಟಿಬೆಟನ್ ಗಡಿ ಪೊಲೀಸರಿಗೂ ಹಳದಿ ಬಣ್ಣದ ಬೆಳಕಿನ ಉಂಡೆಗಳು ಕಾಣತೊಡಗಿದವು. ಚೀನಾದ ಕಡೆಯ ದಿಗಂತದಿಂದ ಮೇಲೇಳುತ್ತಿದ್ದವು, ಗಂಟೆಗಟ್ಟಲೆ ನಿಧಾನವಾಗಿ ಆಕಾಶದಲ್ಲಿ ಸಾಗುತ್ತಿದ್ದವು, ಆಮೇಲೆ ಮರೆಯಾಗುತ್ತಿದ್ದವು. ಒಂದು ದಿನವಲ್ಲ, ಎರಡು ದಿನವಲ್ಲ, ತಿಂಗಳುಗಟ್ಟಲೆ. ಸೇನೆ ಬೆಟ್ಟದ ತುದಿಗೆ ರಾಡಾರ್ ಸಾಗಿಸಿತು, ರಾಡಾರಿಗೆ ಏನೂ ಸಿಗಲಿಲ್ಲ. ರೇಡಿಯೊ ಸಂಕೇತ ಹಿಡಿಯುವ ಯಂತ್ರ ತಂದಿತು, ಸಂಕೇತವೂ ಇಲ್ಲ. ಕಣ್ಣಿಗೆ ಕಾಣುತ್ತದೆ, ಯಂತ್ರಕ್ಕೆ ಸಿಗುವುದಿಲ್ಲ. ಗಡಿಯಲ್ಲಿ ನಿಂತವರಿಗೆ ಇದು ಎಂಥ ಕಳವಳದ ಸಂಗತಿ ಎಂದು ಯೋಚಿಸಿ. ಚೀನಾದ ಬೇಹುಗಾರಿಕೆ ಡ್ರೋನ್ ಎಂಬ ಅನುಮಾನ ಬಲವಾಯಿತು. 2013ರ ಫೆಬ್ರುವರಿ ಹೊತ್ತಿಗೆ ದಾಖಲಾದ ದರ್ಶನಗಳು 329. ಅವುಗಳಲ್ಲಿ 155 ಬಾರಿ ಆ ವಸ್ತು ವಾಸ್ತವ ನಿಯಂತ್ರಣ ರೇಖೆ ದಾಟಿ ಒಳಬಂದಿದೆ ಎಂದು ಬರೆಯಲಾಗಿತ್ತು.

ಕೊನೆಗೆ ಕರೆ ಹೋದದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ (ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್). ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಅವರದ್ದೇ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ವಿಜ್ಞಾನಿಗಳು ಬೆಳಕು ಕಾಣುವ ಹೊತ್ತನ್ನೂ ಜಾಗವನ್ನೂ ಹಿನ್ನೆಲೆಯ ನಕ್ಷತ್ರಗಳೊಂದಿಗೆ ತಾಳೆ ಹಾಕಿದರು. ಸಂಜೆ 6ರ ಸುಮಾರಿಗೆ ಕಾಣಿಸಿಕೊಂಡು ಬೆಳಗಿನ ಜಾವದವರೆಗೆ ಇರುತ್ತಿದ್ದದ್ದು ಗುರು ಗ್ರಹ. ಬೆಳಗಿನ 4ಕ್ಕೆ ಮೂಡಿ ಬಿಸಿಲೇರಿದ ಮೇಲೂ, 11 ಗಂಟೆಯವರೆಗೂ ಕಾಣುತ್ತಿದ್ದದ್ದು ಶುಕ್ರ. 2013ರ ಜುಲೈನಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂತು.

ನಾನು ಪಂಚಾಂಗ ತೆಗೆದು ನೋಡಿದೆ. 2012ರ ಆಗಸ್ಟ್ ಮಧ್ಯಭಾಗದಲ್ಲಿ ಶುಕ್ರ ಬೆಳಗಿನ ಆಕಾಶದಲ್ಲಿ ಸೂರ್ಯನಿಂದ ಅತಿ ದೂರ ಸರಿದಿತ್ತು, ನಂತರದ ತಿಂಗಳುಗಳಲ್ಲೂ ಮುಂಜಾವಿನಲ್ಲೇ ಇತ್ತು. ಗುರು ಡಿಸೆಂಬರ್ ಮೊದಲ ವಾರದಲ್ಲಿ ಸೂರ್ಯನಿಗೆ ನೇರ ಎದುರಿತ್ತು, ಅಂದರೆ ಸೂರ್ಯ ಮುಳುಗುವಾಗ ಅದು ಮೂಡುತ್ತದೆ. ಲೆಕ್ಕ ಕೂಡುತ್ತದೆ.

ಆ 155ರ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಅಲ್ಲಿ ಚೀನಾ ಇರುವುದು ಪೂರ್ವಕ್ಕೆ. ಗ್ರಹಗಳು ಮೂಡುವುದೂ ಪೂರ್ವಕ್ಕೆ, ಸಾಗುವುದು ಪಶ್ಚಿಮಕ್ಕೆ. ಅಂದಮೇಲೆ ಶುಕ್ರ ಮೂಡಿದ ಪ್ರತಿ ಮುಂಜಾನೆಯೂ ಒಂದು ‘ಅತಿಕ್ರಮಣ’ ನಡೆದಂತೆ ಕಾಣಲೇಬೇಕು.

ನನ್ನ ಪ್ರಶ್ನೆ ಇದು. ಒಂದು ದೂರದರ್ಶಕ, ಒಂದು ನಕ್ಷತ್ರಪಟ, ಒಂದು ವಾರ ಸಾಕಿದ್ದ ಕೆಲಸಕ್ಕೆ ಅರ್ಧ ವರ್ಷ ಏಕೆ ಹಿಡಿಯಿತು? ಮಾಹಿತಿ ಬೀಗದೊಳಗೆ ಇದ್ದದ್ದರಿಂದ ಎಂದು ನಾನು ನಂಬುತ್ತೇನೆ. ಸರ್ಕಾರಗಳು ಮುಚ್ಚಿಡುತ್ತವೆ, ಅದರಲ್ಲಿ ಸಂದೇಹವಿಲ್ಲ. ಆದರೆ ಮುಚ್ಚಳದ ಕೆಳಗೆ ಇರುವುದು ಬಹುಪಾಲು ಅವರದೇ ಯಂತ್ರಗಳು, ಇಲ್ಲವೇ ‘ನಮಗೂ ಗೊತ್ತಿಲ್ಲ’ ಎಂಬ ಒಂದು ಸಾಲು. ನಿಮ್ಮ ಅಭಿಪ್ರಾಯ ಬರೆಯಿರಿ.

ಮಲೆನಾಡಿಗ (ಕೊಪ್ಪ):

ಇರುಳುನೋಟ ಅವರೇ, ಬರಹ ಚೆನ್ನಾಗಿದೆ, ಆದರೆ ಒಪ್ಪಲಾರೆ. ನೀವು ಬಿಟ್ಟ ಒಂದು ಸಂಗತಿ ಇದೆ. 2012ರ ನವೆಂಬರ್‌ನಲ್ಲಿ ಬಂದ ವರದಿಗಳಲ್ಲಿ, ಹಾನ್ಲೆಯ ಖಗೋಳಜ್ಞರು ಸೆಪ್ಟೆಂಬರ್‌ನಲ್ಲಿ ಮೂರು ದಿನ ನೋಡಿ ಇವು ಗ್ರಹಗಳಲ್ಲ, ಉಲ್ಕೆಗಳಲ್ಲ ಎಂದರು ಎಂದೇ ಇತ್ತು. ಕೆಲವು ತಿಂಗಳ ನಂತರ ಅದೇ ಸಂಸ್ಥೆಯಿಂದ ಗ್ರಹಗಳು ಎಂಬ ಉತ್ತರ ಬಂತು. ಸಾಮಾನ್ಯ ಓದುಗ ಯಾವುದನ್ನು ನಂಬಬೇಕು?

ಎರಡನೆಯದು. ಅಮೆರಿಕದ ನೌಕಾಪಡೆಯ ಪೈಲಟ್ ಡೇವಿಡ್ ಫ್ರೇವರ್ 2004ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಕಂಡದ್ದು ಗ್ರಹವಲ್ಲ. ಹಾಡಹಗಲು. ರೆಕ್ಕೆಯಿಲ್ಲದ, ಹೊಗೆಯಿಲ್ಲದ ಬಿಳಿ ಮಾತ್ರೆಯಂಥ ವಸ್ತು. ಎರಡು ವಿಮಾನಗಳ ನಾಲ್ವರು ನೋಡಿದ್ದಾರೆ. ಅದಕ್ಕೂ ಮುಂಚಿನ ದಿನಗಳಲ್ಲಿ ಜೊತೆಯ ಯುದ್ಧನೌಕೆಯ ರಾಡಾರ್ ಇಂಥವನ್ನು ಗಮನಿಸಿತ್ತು. 2023ರ ಜುಲೈ 26ರಂದು ಅವರು ಅಮೆರಿಕದ ಸಂಸತ್ತಿನ ಮುಂದೆ ಪ್ರಮಾಣ ಮಾಡಿ ಇದನ್ನು ಹೇಳಿದರು. ಅದೇ ದಿನ ಗುಪ್ತಚರ ವಿಭಾಗದ ಮಾಜಿ ಅಧಿಕಾರಿ ಡೇವಿಡ್ ಗ್ರಷ್, ಪತನವಾದ ಅನ್ಯ ಯಂತ್ರಗಳನ್ನು ದಶಕಗಳಿಂದ ಬಚ್ಚಿಟ್ಟಿದ್ದಾರೆ ಎಂದು ಹೇಳಿದರು. ಇವರೆಲ್ಲ ಸುಳ್ಳು ಹೇಳಿ ಏನು ಗಳಿಸಬೇಕು? ನೂರಾರು ಜನ ಕಂಡದ್ದನ್ನು ‘ಶುಕ್ರ’ ಎಂದು ಹೇಳಿ ಬಾಯಿ ಮುಚ್ಚಿಸುವುದು ನನಗೆ ನೋವು ತರುತ್ತದೆ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಹಳೆಕಡತ (ಬೆಂಗಳೂರು):

ನಾನು ಮಾಹಿತಿ ಹಕ್ಕು ಅರ್ಜಿಗಳ ಕೆಲಸದಲ್ಲಿ ವರ್ಷಗಳಿಂದ ಇರುವವನು. ಗೋಪ್ಯತೆ ಎಂಬ ಪದವನ್ನು ಇಲ್ಲಿ ತುಂಬ ಸಡಿಲವಾಗಿ ಬಳಸುತ್ತಿದ್ದೇವೆ. ಕಾನೂನು ಏನು ಹೇಳುತ್ತದೆ ಎಂದು ಮೊದಲು ನೋಡೋಣ.

2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಂ ಮತ್ತು ಎರಡನೇ ಅನುಸೂಚಿ ಸೇರಿ ಕೆಲವು ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಟ್ಟಿವೆ. ಆ ಪಟ್ಟಿಯಲ್ಲಿ ಇಂಡೋ-ಟಿಬೆಟನ್ ಗಡಿ ಪೊಲೀಸ್ ಇದೆ, ಡಿಆರ್‌ಡಿಒ ಇದೆ. ಭ್ರಷ್ಟಾಚಾರ ಅಥವಾ ಮಾನವ ಹಕ್ಕು ಉಲ್ಲಂಘನೆಯ ಆರೋಪ ಇದ್ದರೆ ಮಾತ್ರ ಅವು ಉತ್ತರಿಸಬೇಕು. ಸೇನೆ ಆ ಪಟ್ಟಿಯಲ್ಲಿಲ್ಲ. ಖಭೌತ ಸಂಸ್ಥೆಯಂತೂ ಇಲ್ಲವೇ ಇಲ್ಲ. ಆದರೆ ಅವರು 8(1)(ಎ) ಎಂಬ ಬಾಗಿಲು ಮುಚ್ಚಬಹುದು: ದೇಶದ ಸಾರ್ವಭೌಮತ್ವ, ಭದ್ರತೆ, ಸಾಮರಿಕ ಮತ್ತು ವೈಜ್ಞಾನಿಕ ಹಿತಾಸಕ್ತಿ.

ನಾನೇ ಹಿಂದೊಮ್ಮೆ ಒಂದು ಕಚೇರಿಗೆ ಆಕಾಶದ ಬೆಳಕುಗಳ ಬಗ್ಗೆ ಅರ್ಜಿ ಹಾಕಿದ್ದೆ. ಮೂವತ್ತನೇ ದಿನ ಸರಿಯಾಗಿ ಒಂದು ಸಾಲಿನ ಉತ್ತರ ಬಂತು. ‘ಕೋರಿದ ವಿಷಯವು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ.’ ಸಿಟ್ಟು ಬಂತು. ಎರಡು ದಿನ ಬಿಟ್ಟು ನನ್ನದೇ ಅರ್ಜಿಯನ್ನು ಮತ್ತೆ ಓದಿದಾಗ ತಪ್ಪು ಕಂಡಿತು. ‘ಇಂಥ ವಸ್ತುಗಳು ಇರುವುದು ನಿಜವೇ, ಸರ್ಕಾರದ ನಿಲುವೇನು’ ಎಂದು ಕೇಳಿದ್ದೆ. ಕಾಯ್ದೆಯಡಿ ಅವರು ಅಭಿಪ್ರಾಯ ಹುಟ್ಟಿಸಿ ಕೊಡಬೇಕಿಲ್ಲ, ಕಡತದಲ್ಲಿರುವ ಕಾಗದದ ನಕಲು ಕೊಡಬೇಕು. ನಕಲು ಕೇಳಬೇಕಿತ್ತು, ನಾನು ಅಭಿಪ್ರಾಯ ಕೇಳಿದ್ದೆ.

ಕಾರಂಜಾ ದಂಡೆ (ಬೀದರ್):

ನಮ್ಮ ಕಡೆಯ ಅನುಭವ ಬೇರೆಯೇ. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರವಿದೆ. ಅಲ್ಲಿಂದ ಸಂಶೋಧನೆಗಾಗಿ ದೊಡ್ಡ ಬಲೂನು ಬಿಡುತ್ತಾರೆ. 50ರಿಂದ 85 ಮೀಟರ್ ಅಗಲ, ತೆಳುವಾದ ಪಾಲಿಥೀನ್ ಹಾಳೆ, 30 ಕಿಲೋಮೀಟರಿಗೂ ಮೇಲಕ್ಕೆ ಹೋಗುತ್ತದೆ. ರಾತ್ರಿ ಅಥವಾ ಬೆಳಗಿನ ಜಾವ ಹಾರಿಸುತ್ತಾರೆ. ಕೆಳಗೆ ನಮಗೆ ಇನ್ನೂ ಕತ್ತಲು, ಮೇಲೆ ಅದಕ್ಕೆ ಆಗಲೇ ಬಿಸಿಲು. ಹೊಲಕ್ಕೆ ಹೊರಟವರಿಗೆ ಮುಂಜಾನೆ ಬೆಳ್ಳಗೆ ಹೊಳೆಯುವ ಒಂದು ಮುತ್ತು ಕಂಡಂತೆ ಕಾಣುತ್ತದೆ, ಅಲ್ಲಾಡುವುದೇ ಇಲ್ಲ.

ಕೆಲಸ ಮುಗಿದ ಮೇಲೆ ಉಪಕರಣ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಬಿದ್ದದ್ದು ನಿಮಗೆ ನೆನಪಿರಬಹುದು, ಎಲ್ಲ ಪತ್ರಿಕೆಗಳಲ್ಲೂ ಚಿತ್ರ ಬಂದಿತ್ತು. ಮೊದಲು ಜನ ಹೆದರಿದರು, ಆಮೇಲೆ ಸಂಸ್ಥೆಯ ಹೆಸರು ತಿಳಿದು ಸಮಾಧಾನವಾಯಿತು. ಹಾರಿಸುವ ಮುನ್ನವೇ ಆ ಸಂಸ್ಥೆ ಪತ್ರಿಕಾ ಪ್ರಕಟಣೆ ಕೊಡುತ್ತದೆ. ಉಪಕರಣ ಸಿಕ್ಕರೆ ಬಿಚ್ಚಬೇಡಿ, ಪೊಲೀಸರಿಗೆ ತಿಳಿಸಿ ಎಂದು ಕೇಳಿಕೊಳ್ಳುತ್ತದೆ. ಒಂದು ಕಾಗದದ ಚೀಟಿ ಎಷ್ಟು ವದಂತಿಯನ್ನು ತಡೆಯುತ್ತದೆ ಎಂದು ನಾವು ಕಣ್ಣಾರೆ ಕಂಡವರು. ರಾಸ್‌ವೆಲ್‌ನಲ್ಲಿ ಅಂಥ ಒಂದು ಚೀಟಿ ಇದ್ದಿದ್ದರೆ?

ಇರುಳುನೋಟ (ಶಿವಮೊಗ್ಗ):

ಕಾರಂಜಾ ದಂಡೆ ಅವರೇ, ಅದ್ಭುತವಾದ ಹೋಲಿಕೆ. ರಾಸ್‌ವೆಲ್‌ನಲ್ಲಿ ಬಿದ್ದದ್ದೂ ಬಲೂನೇ. 1947ರ ಜುಲೈ 8ರಂದು ಅಲ್ಲಿನ ವಾಯುನೆಲೆಯೇ ‘ಹಾರುವ ತಟ್ಟೆ ನಮ್ಮ ವಶದಲ್ಲಿದೆ’ ಎಂದು ಪ್ರಕಟಣೆ ಕೊಟ್ಟಿತು, ಕೆಲವೇ ಗಂಟೆಗಳಲ್ಲಿ ಮಾತು ಬದಲಿಸಿ ಹವಾಮಾನ ಬಲೂನು ಎಂದಿತು. 1994ರಲ್ಲಿ ವಾಯುಪಡೆ ಹೊರಹಾಕಿದ ವರದಿಯ ಪ್ರಕಾರ ಅದು ಮೊಗಲ್ ಎಂಬ ರಹಸ್ಯ ಯೋಜನೆಯ ಬಲೂನುಸಾಲು. ಸೋವಿಯತ್ ಒಕ್ಕೂಟ ಅಣುಬಾಂಬ್ ಪರೀಕ್ಷೆ ಮಾಡಿದರೆ ಅದರ ಸದ್ದನ್ನು ಮೇಲಿನ ವಾಯುಮಂಡಲದಲ್ಲಿ ಕೇಳಿಸಿಕೊಳ್ಳಲು ಮಾಡಿದ್ದು. ಅಂದರೆ ‘ಹವಾಮಾನ ಬಲೂನು’ ಎಂಬುದು ಸುಳ್ಳೇ. 47 ವರ್ಷ ಜನ ಅನುಮಾನಪಟ್ಟದ್ದು ಸರಿಯೇ ಇತ್ತು, ಅನುಮಾನ ಹೋದ ದಿಕ್ಕು ಬೇರೆ. ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 1995ರಲ್ಲಿ ಹುಡುಕಿದಾಗ ಆ ನೆಲೆಯಿಂದ ಹೊರಹೋದ ಸಂದೇಶಗಳ ಕಡತಗಳನ್ನು ನಾಶಮಾಡಿದ್ದು ಗೊತ್ತಾಯಿತು. ಇಂಥ ಸಂಗತಿಗಳೇ ಮಲೆನಾಡಿಗರಂಥವರ ಅಪನಂಬಿಕೆಗೆ ನೀರೆರೆಯುವುದು, ಅವರನ್ನು ದೂರಲಾರೆ.

ಯು-2 ವಿಮಾನದ ಕಥೆ ಇದಕ್ಕಿಂತ ಸ್ಪಷ್ಟ. 1955ರ ಆಗಸ್ಟ್‌ನಲ್ಲಿ ಮೊದಲು ಹಾರಿದ ಈ ಬೇಹುಗಾರಿಕೆ ವಿಮಾನ 60,000 ಅಡಿಗೂ ಮೇಲೆ ಹೋಗುತ್ತಿತ್ತು. ಆಗಿನ ಪ್ರಯಾಣಿಕ ವಿಮಾನಗಳು ಅದಕ್ಕಿಂತ ಬಹಳ ಕೆಳಗೆ. ಸಂಜೆ ಕೆಳಗಿನ ಪೈಲಟ್‌ಗೆ ಸೂರ್ಯ ಮುಳುಗಿದ್ದರೂ ಮೇಲಿನ ಬೆಳ್ಳಿಬಣ್ಣದ ರೆಕ್ಕೆಗೆ ಬಿಸಿಲು ಬಿದ್ದು ಬೆಂಕಿಯಂತೆ ಹೊಳೆಯುತ್ತಿತ್ತು. ದೂರುಗಳು ವಾಯುಪಡೆಯ ಬ್ಲೂ ಬುಕ್ ತನಿಖಾ ವಿಭಾಗಕ್ಕೆ ಬರುತ್ತಿದ್ದವು. ತನಿಖೆಗಾರರು ಸಿಐಎ ಜೊತೆ ಹಾರಾಟದ ಪಟ್ಟಿ ತಾಳೆ ನೋಡಿ ಉತ್ತರ ತಿಳಿದುಕೊಳ್ಳುತ್ತಿದ್ದರು. ಆದರೆ ಪತ್ರ ಬರೆದವನಿಗೆ ಹೇಳುವಂತಿಲ್ಲ. ‘ಮಂಜಿನ ಹರಳು’, ‘ತಾಪಮಾನದ ಪದರ’ ಎಂದು ಏನೋ ಬರೆದು ಕಳಿಸುತ್ತಿದ್ದರು. ಸಿಐಎಯದೇ ಪತ್ರಿಕೆಯಲ್ಲಿ 1997ರಲ್ಲಿ ಇತಿಹಾಸಕಾರರೊಬ್ಬರು ಇದನ್ನು ಬರೆದಿದ್ದಾರೆ. ಐವತ್ತರ ದಶಕದ ಕೊನೆ ಮತ್ತು ಅರವತ್ತರ ದಶಕದ ದರ್ಶನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಂಥ ಗುಪ್ತ ವಿಮಾನಗಳೇ ಎಂಬುದು ಅವರ ಅಂದಾಜು. ಅಷ್ಟು ದೊಡ್ಡ ಪಾಲು ಸರಿಯೇ ಎಂದು ತಕರಾರು ಎತ್ತಿದವರೂ ಇದ್ದಾರೆ. ಆದರೆ ಕಂಡವನು ಸತ್ಯವನ್ನೇ ಹೇಳಿದ್ದ, ಉತ್ತರ ಕೊಟ್ಟವನು ಸುಳ್ಳು ಹೇಳಿದ್ದ ಎಂಬ ಭಾಗದಲ್ಲಿ ತಕರಾರಿಲ್ಲ.

ಬ್ಲೂ ಬುಕ್ 1969ರಲ್ಲಿ ಮುಚ್ಚಿದಾಗ ಒಟ್ಟು 12,618 ವರದಿಗಳು, ಅವುಗಳಲ್ಲಿ 701ಕ್ಕೆ ಉತ್ತರ ಸಿಕ್ಕಿರಲಿಲ್ಲ. ಅದರ ಖಗೋಳ ಸಲಹೆಗಾರ ಅಲೆನ್ ಹೈನೆಕ್ 1966ರಲ್ಲಿ ಮಿಷಿಗನ್‌ನ ಕೆಲವು ಬೆಳಕುಗಳಿಗೆ ಜೌಗುನೆಲದ ಅನಿಲ ಕಾರಣವಿರಬಹುದು ಎಂದಾಗ ದೇಶವೇ ಮುಗಿಬಿತ್ತು. ನಮ್ಮಲ್ಲಿ ಕೆರೆಯಂಗಳದ ಕೊಳ್ಳಿದೆವ್ವಕ್ಕೆ ಹೇಳುವ ಕಾರಣ ಅದೇ. ಆ ಗದ್ದಲದ ನಂತರ ಹೈನೆಕ್ ಬದಲಾದರು. ಜನ ಹೇಳಿದ್ದನ್ನು ಗೌರವದಿಂದ ಕೇಳಿ ಬರೆದುಕೊಳ್ಳಬೇಕು ಎಂದು 1973ರಲ್ಲಿ ತಮ್ಮದೇ ಅಧ್ಯಯನ ಕೇಂದ್ರ ಕಟ್ಟಿದರು. ನನಗೆ ಇಡೀ ಇತಿಹಾಸದಲ್ಲಿ ಅತಿ ಇಷ್ಟವಾದ ವ್ಯಕ್ತಿ ಅವರು.

ಮೂರು ದಿನದ ವೀಕ್ಷಣೆಯ ಬಗ್ಗೆ ಮಲೆನಾಡಿಗರು ಎತ್ತಿದ್ದು ನ್ಯಾಯವಾದ ಪ್ರಶ್ನೆ. ನಾನು ಹೇಳದೆ ಬಿಟ್ಟದ್ದು ತಪ್ಪು. ಮೂರು ರಾತ್ರಿ ನೋಡಿದ್ದಕ್ಕೂ, ಅರ್ಧ ವರ್ಷದ ಹೊತ್ತುಗಳನ್ನು ಮುಂದಿಟ್ಟುಕೊಂಡು ನೋಡಿದ್ದಕ್ಕೂ ವ್ಯತ್ಯಾಸವಿದೆ ಎಂದೇ ನಾನು ಎರಡನೆಯದನ್ನು ನಂಬುತ್ತೇನೆ. ಗುರುವಿನಂಥ ಗ್ರಹ ದಿನಕ್ಕೆ ಕೆಲವು ನಿಮಿಷ ಮುಂಚೆ ಮೂಡುತ್ತಾ ಹೋಗುವುದು ಮೂರು ದಿನದಲ್ಲಿ ಎದ್ದು ಕಾಣುವುದಿಲ್ಲ, ತಿಂಗಳುಗಳಲ್ಲಿ ಗಂಟೆಗಳಾಗಿ ಕಾಣುತ್ತದೆ. ಆದರೆ ಎರಡೂ ವರದಿಗಳು ಪೂರ್ತಿಯಾಗಿ ನಮ್ಮ ಮುಂದೆ ಇದ್ದಿದ್ದರೆ ನಾವು ಹೀಗೆ ನಂಬಿಕೆಯ ಮೇಲೆ ಮಾತಾಡಬೇಕಿರಲಿಲ್ಲ.

ನಿವೃತ್ತ ಸುಬೇದಾರ (ಮಡಿಕೇರಿ):

ಇಷ್ಟು ದಿನ ಓದುತ್ತಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು. ಈ ಸುದ್ದಿ ಬಂದಾಗ ‘ಶುಕ್ರ ಗ್ರಹವನ್ನು ಡ್ರೋನ್ ಎಂದುಕೊಂಡ ಸೈನಿಕರು’ ಎಂದು ಜನ ನಕ್ಕದ್ದು ನನ್ನ ಮನಸ್ಸಿನಲ್ಲಿ ಇನ್ನೂ ಇದೆ.

ನಾನು ಪ್ಯಾಂಗಾಂಗ್‌ನಲ್ಲಿ ಇರಲಿಲ್ಲ, ಅಂಥದೇ ಎತ್ತರದ ಇನ್ನೊಂದು ಠಾಣೆಯಲ್ಲಿ ಎರಡು ಚಳಿಗಾಲ ಕಳೆದೆ. ರಾತ್ರಿ ಎರಡು ಗಂಟೆಯ ಪಹರೆ. ಬಾಲ್‌ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ, ಆದ್ದರಿಂದ ಪೆನ್ಸಿಲ್. ದಪ್ಪ ಕೈಗವಸು ಬಿಚ್ಚಿ, ಟಾರ್ಚಿನ ಮುಖಕ್ಕೆ ಕೆಂಪು ಕಾಗದ ಕಟ್ಟಿ, ರಿಜಿಸ್ಟರಿನಲ್ಲಿ ಸಮಯ ಬರೆಯಬೇಕು. ಅಷ್ಟರಲ್ಲಿ ಬೆರಳು ಮರಗಟ್ಟಿರುತ್ತದೆ. ಅಲ್ಲಿನ ಗಾಳಿಯಲ್ಲಿ ಧೂಳಿಲ್ಲ, ಬೆಟ್ಟದ ಅಂಚಿನಲ್ಲಿ ಮೂಡುವ ಗ್ರಹ ಇಲ್ಲಿ ಕಂಡಂತೆ ಕಾಣುವುದಿಲ್ಲ. ಕೆಂಪು, ಹಸಿರು, ಬಿಳಿ ಎಂದು ಬಣ್ಣ ಬದಲಿಸುತ್ತದೆ. ಕತ್ತಲಲ್ಲಿ ಒಂದೇ ಚುಕ್ಕೆಯನ್ನು ಹತ್ತು ನಿಮಿಷ ದಿಟ್ಟಿಸಿದರೆ ಅದು ಅತ್ತಿತ್ತ ಸರಿದಂತೆ ತೋರುತ್ತದೆ. ಇದು ಕಣ್ಣಿನ ಗುಣ, ಅಂಜಿಕೆಯಲ್ಲ.

ಪಹರೆಯವನ ಕೆಲಸ ಕಂಡದ್ದನ್ನು ಬರೆಯುವುದು. ಅದು ಏನೆಂದು ತೀರ್ಮಾನಿಸುವುದು ಮೇಲಿನವರ ಕೆಲಸ. ಆ ಹುಡುಗರು 329 ಬಾರಿ ಬರೆದರು. ಒಬ್ಬನಾದರೂ ‘ಏನೋ ನಕ್ಷತ್ರ ಇರಬೇಕು, ಬಿಡು’ ಎಂದು ಮಲಗಿದ್ದರೆ ಬೆಂಗಳೂರಿನ ವಿಜ್ಞಾನಿಗಳಿಗೆ ತಾಳೆ ಹಾಕಲು ಏನು ಸಿಗುತ್ತಿತ್ತು? ಅವರ ಶ್ರದ್ಧೆಯಿಂದಲೇ ಉತ್ತರ ಸಿಕ್ಕಿತು.

ಗಣಿತದ ಟೀಚರ್ (ಮೈಸೂರು):

ಸುಬೇದಾರ್ ಸರ್, ನಿಮ್ಮ ಮಾತನ್ನು ನಾಳೆ ನನ್ನ ತರಗತಿಯಲ್ಲಿ ಓದಿ ಹೇಳುತ್ತೇನೆ.

ಅಮೆರಿಕದ ನೌಕಾಪಡೆಯ ವಿಮಾನಗಳು ಇಂಥ ವಸ್ತುಗಳನ್ನು ಸೆರೆಹಿಡಿದ ವಿಡಿಯೊಗಳ ಬಗ್ಗೆ ಒಂದು ಲೆಕ್ಕ. 2020ರ ಏಪ್ರಿಲ್‌ನಲ್ಲಿ ಅಲ್ಲಿನ ರಕ್ಷಣಾ ಇಲಾಖೆಯಾದ ಪೆಂಟಗನ್ ಅಧಿಕೃತವಾಗಿ ಮೂರು ವಿಡಿಯೊ ಬಿಡುಗಡೆ ಮಾಡಿತು. ಅವುಗಳಲ್ಲಿ ‘ಗೋ ಫಾಸ್ಟ್’ ಎಂಬುದರಲ್ಲಿ ಒಂದು ಬಿಳಿ ಚುಕ್ಕೆ ಸಮುದ್ರಕ್ಕೆ ಅಂಟಿಕೊಂಡು ಬಾಣದಂತೆ ಹೋಗುತ್ತದೆ, ಪೈಲಟ್‌ಗಳು ಅಚ್ಚರಿಯಿಂದ ಕೂಗುತ್ತಾರೆ. ಪರದೆಯ ಮೇಲೆಯೇ ಅಂಕಿಗಳಿವೆ. ವಿಮಾನದ ಎತ್ತರ ಸುಮಾರು 25,000 ಅಡಿ. ವಸ್ತುವಿನ ದೂರ ಒಂದು ಹಂತದಲ್ಲಿ 4.4 ನಾಟಿಕಲ್ ಮೈಲಿ, ಅಂದರೆ ಸುಮಾರು 26,700 ಅಡಿ. ಕ್ಯಾಮೆರಾ ಕೆಳಗೆ ಬಾಗಿದ ಕೋನ 26 ಡಿಗ್ರಿ. ಹತ್ತನೇ ತರಗತಿಯ ತ್ರಿಕೋನಮಿತಿ ಸಾಕು. 26 ಡಿಗ್ರಿಯ ಸೈನ್ ಸುಮಾರು 0.44. ಗುಣಿಸಿದರೆ ವಸ್ತು ವಿಮಾನಕ್ಕಿಂತ 11,700 ಅಡಿ ಕೆಳಗಿದೆ. ಹಾಗಾದರೆ ಅದು ಸಮುದ್ರದಿಂದ 13,000 ಅಡಿಗೂ ಮೇಲಿದೆ! ನೀರಿನ ಹತ್ತಿರವೇ ಇಲ್ಲ.

ವೇಗ ಕಂಡದ್ದು ಏಕೆ? ಬಸ್ಸಿನ ಕಿಟಕಿಯಿಂದ ನೋಡಿ. ಹತ್ತಿರದ ವಿದ್ಯುತ್ ಕಂಬ ದೂರದ ಗದ್ದೆಯ ಮೇಲೆ ಓಡಿದಂತೆ ತೋರುತ್ತದೆ. ಓಡುತ್ತಿರುವುದು ಬಸ್ಸು. 2023ರ ಸೆಪ್ಟೆಂಬರ್‌ನಲ್ಲಿ ನಾಸಾ ನೇಮಿಸಿದ ತಂಡ ಇದೇ ಅಂಕಿಗಳಿಂದ ಲೆಕ್ಕ ಮಾಡಿ ವಸ್ತುವಿನ ವೇಗ ಗಂಟೆಗೆ ಸುಮಾರು 40 ಮೈಲಿ ಎಂದಿತು. ಆ ಎತ್ತರದಲ್ಲಿ ಗಾಳಿಗೆ ತೇಲುವ ವಸ್ತುವಿಗೆ ಸಹಜವಾದ ವೇಗ.

ಫ್ರೇವರ್ ಅವರ ಪ್ರಕರಣಕ್ಕೆ ಇಂಥ ಲೆಕ್ಕ ಮಾಡಲಾಗುವುದಿಲ್ಲ. ಅವರು ಕಣ್ಣಾರೆ ಕಂಡ ನಿಮಿಷಗಳ ಅಂಕಿಗಳು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಅದನ್ನು ಬಿಡಿಸಿದ್ದೇವೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅನ್ಯಗ್ರಹದ ಯಂತ್ರ ಎಂದರೂ ಒಪ್ಪುವುದಿಲ್ಲ.

ಕಡಲಾಚೆಯ ಕನ್ನಡಿಗ (ಲಾಸ್ ಏಂಜಲೀಸ್):

2017ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಟೈಮ್ಸ್ ಪೆಂಟಗನ್ನಿನ 2.2 ಕೋಟಿ ಡಾಲರ್‌ಗಳ ಗುಪ್ತ ಅಧ್ಯಯನದ ಸುದ್ದಿ ಬರೆಯಿತು. ಇಲ್ಲಿ ಮನೆಮನೆಯಲ್ಲೂ ಅದೇ ಮಾತು. ಆರು ದಿನ ಕಳೆದು 22ನೇ ತಾರೀಖು ಸಂಜೆ ಕಚೇರಿಯಿಂದ ಬರುವಾಗ ಹೆದ್ದಾರಿಯಲ್ಲಿ ಕಾರುಗಳು ನಿಂತುಬಿಟ್ಟವು. ಪಶ್ಚಿಮದಲ್ಲಿ ನೀಲಿ-ಬಿಳಿ ಬಣ್ಣದ ಬೃಹತ್ ಬಾಲ, ಮೀನಿನಂತೆ ಅರಳುತ್ತಾ ಸಾಗುತ್ತಿತ್ತು. ನನ್ನ ಹೆಂಡತಿ ಫೋನ್ ಮಾಡಿ ಅಳುವ ದನಿಯಲ್ಲಿ ‘ಬೇಗ ಮನೆಗೆ ಬನ್ನಿ’ ಎಂದಳು. ವ್ಯಾಂಡನ್‌ಬರ್ಗ್‌ನಿಂದ ಹಾರಿಸಿದ ಫಾಲ್ಕನ್ 9 ರಾಕೆಟ್ ಅದು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು, ಎತ್ತರದಲ್ಲಿದ್ದ ಹೊಗೆಗೆ ಮಾತ್ರ ಬಿಸಿಲು ಬಿದ್ದಿತ್ತು. ಹಾರಾಟದ ವೇಳೆಯನ್ನು ಮುಂಚೆಯೇ ಪ್ರಕಟಿಸಿದ್ದರು, ನಾವು ನೋಡಿರಲಿಲ್ಲ.

ಗೋಪ್ಯತೆಯ ಬಗ್ಗೆ ನನಗೆ ಮನದಟ್ಟಾದ ಮಾತು 2023ರ ಮೇ ತಿಂಗಳ ನಾಸಾ ಸಭೆಯದ್ದು. ಯುದ್ಧವಿಮಾನವೊಂದು ಸ್ವಾತಂತ್ರ್ಯದೇವಿಯ ಪ್ರತಿಮೆಯ ಚಿತ್ರ ತೆಗೆದರೂ ಆ ಚಿತ್ರ ಗೋಪ್ಯವಾಗುತ್ತದೆ, ಪ್ರತಿಮೆ ಗುಟ್ಟಿನದು ಎಂದಲ್ಲ, ಕ್ಯಾಮೆರಾ ಎಷ್ಟು ಸ್ಪಷ್ಟವಾಗಿ ನೋಡಬಲ್ಲದು ಎಂಬುದು ಗುಟ್ಟು ಎಂದು ಅಧಿಕಾರಿಯೊಬ್ಬರು ವಿವರಿಸಿದರು. 2021ರ ಜೂನ್‌ನ ಗುಪ್ತಚರ ವರದಿಯಲ್ಲಿ 144 ಪ್ರಕರಣಗಳಿದ್ದವು, ಖಚಿತ ಉತ್ತರ ಸಿಕ್ಕಿದ್ದು ಒಂದಕ್ಕೆ, ಗಾಳಿ ಇಳಿಯುತ್ತಿದ್ದ ಬಲೂನು. ಗ್ರಷ್ ಅವರ ಆರೋಪಕ್ಕೆ ಪುರಾವೆ ಸಿಗಲಿಲ್ಲ ಎಂದು ಪೆಂಟಗನ್ನಿನ ತನಿಖಾ ಕಚೇರಿ 2024ರ ಮಾರ್ಚ್‌ನಲ್ಲಿ ಹೇಳಿತು. ಆರೋಪಕ್ಕೆ ಗುರಿಯಾದವರೇ ತೀರ್ಪು ಕೊಟ್ಟರೆ ಹೇಗೆ ಎಂಬ ಸಿಟ್ಟು ಇಲ್ಲಿ ಬಹಳ ಜನರಿಗಿದೆ, ಅದು ನನಗೂ ಅರ್ಥವಾಗುತ್ತದೆ. ಫ್ರಾನ್ಸ್‌ನ ದಾರಿ ನನಗೆ ಮೆಚ್ಚುಗೆ. ಅಲ್ಲಿನ ಬಾಹ್ಯಾಕಾಶ ಸಂಸ್ಥೆ 1977ರಿಂದ ಇದಕ್ಕೇ ಒಂದು ವಿಭಾಗ ಇಟ್ಟಿದೆ, 2007ರಿಂದ ಕಡತಗಳನ್ನು ಎಲ್ಲರಿಗೂ ತೆರೆದಿದೆ.

ಕಲ್ಲಿನಕೋಟೆ (ಚಿತ್ರದುರ್ಗ):

ನಮ್ಮ ಚಳ್ಳಕೆರೆಯ ಕಡೆಯನ್ನು ಮರೆಯಬೇಡಿ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆ ಇಲ್ಲಿದೆ. 2022ರ ಜುಲೈ 1ರಂದು ಇಲ್ಲಿಂದ ಹಾರಿದ ಚಾಲಕರಹಿತ ವಿಮಾನಕ್ಕೆ ಬಾಲವೇ ಇಲ್ಲ, ಬರೀ ಅಗಲವಾದ ರೆಕ್ಕೆ, ಬಾವಲಿಯಂತೆ. ಸರ್ಕಾರವೇ ವಿಡಿಯೊ ಹಾಕಿತು, ಆದ್ದರಿಂದ ಯಾರೂ ಹೆದರಲಿಲ್ಲ. ವಿಡಿಯೊ ಬಾರದೆ ಸಂಜೆಗತ್ತಲಲ್ಲಿ ಅದು ತಲೆಯ ಮೇಲೆ ಹೋಗಿದ್ದರೆ ನಾವೆಲ್ಲ ಏನೆಂದು ಬರೆಯುತ್ತಿದ್ದೆವು? 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ತಪಸ್ ಡ್ರೋನ್ ಬಿದ್ದಾಗ ಸುತ್ತಲ ಹಳ್ಳಿಯವರೆಲ್ಲ ಓಡಿ ಬಂದಿದ್ದರು.

ಮಲೆನಾಡಿಗ (ಕೊಪ್ಪ):

ಎಲ್ಲರ ಬರಹ ಓದಿದೆ. ಈಗ ನನ್ನ ಕಾರಣ ಹೇಳುತ್ತೇನೆ.

ತೊಂಬತ್ತರ ದಶಕದ ಆರಂಭ, ನಾನು ಐದನೇ ತರಗತಿಯಲ್ಲಿದ್ದೆ. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು, ಅಪ್ಪ ಕಾವಲಿಗೆ ಹೊರಗೇ ಮಲಗಿದ್ದರು. ಅವರು ನನ್ನನ್ನು ಎಬ್ಬಿಸಿ ತೋಟದ ಮೇಲೆ ಕೈ ತೋರಿಸಿದರು. ಹಂಡೆಯ ಬಾಯಿಯಷ್ಟು ಅಗಲದ ಕಿತ್ತಳೆ ಬೆಳಕು, ಸದ್ದಿಲ್ಲದೆ ನಿಂತಿತ್ತು. ಆಮೇಲೆ ಗುಡ್ಡದ ಹಿಂದಕ್ಕೆ ಜಾರಿತು. ಮರುದಿನ ಅಪ್ಪ ಪೇಟೆಯಲ್ಲಿ ಹೇಳಿದಾಗ ಕೇಳಿದವರು ಕುಡಿದಿದ್ದೆಯಾ ಎಂದರು. ಅಪ್ಪ ಜೀವನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಅದರ ನಂತರ ಹೊರಗೆ ಹೇಳಲಿಲ್ಲ, ನನ್ನೊಂದಿಗೆ ಮಾತ್ರ ಕೊನೆಯವರೆಗೂ ಮಾತಾಡುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಇರುಳುನೋಟ ಅವರೇ, ಅದೂ ಶುಕ್ರವೇ?

ಇರುಳುನೋಟ (ಶಿವಮೊಗ್ಗ):

ಮಲೆನಾಡಿಗರೇ, ನಿಮ್ಮ ತಂದೆಯವರು ಕಂಡದ್ದನ್ನು ಶುಕ್ರ ಎಂದು ನಾನು ಹೇಳುವುದಿಲ್ಲ. ತಾರೀಖು ಗೊತ್ತಿಲ್ಲ, ಗಂಟೆ ಗೊತ್ತಿಲ್ಲ, ದಿಕ್ಕು ಗೊತ್ತಿಲ್ಲ. ಗುಡ್ಡದ ಹಿಂದೆ ಮುಳುಗುವ ಶುಕ್ಲಪಕ್ಷದ ಚಂದ್ರನಿಂದ ಹಿಡಿದು ಬೇರೆ ಯಾವುದೋ ಆಗಿರಬಹುದು. ಇಷ್ಟರ ಮೇಲೆ ಉತ್ತರ ಕೊಟ್ಟರೆ ನಾನೂ ಆ ‘ಮಂಜಿನ ಹರಳು’ ಬರೆದ ಅಧಿಕಾರಿಯ ಸಾಲಿಗೆ ಸೇರುತ್ತೇನೆ. ಅವರು ಕಂಡದ್ದು ನಿಜ. ಪೇಟೆಯವರು ನಡೆದುಕೊಂಡದ್ದು ತಪ್ಪು.

ಮುಂದೆ ಏನಾದರೂ ಕಂಡರೆ ಹೀಗೆ ಬರೆದಿಡಿ. ಮೊಬೈಲ್ ನೋಡಿ ಗಂಟೆ, ನಿಮಿಷ. ಯಾವ ಮರದ, ಯಾವ ಮನೆಯ ಮೇಲೆ ಕಂಡಿತು, ನೀವು ನಿಂತ ಜಾಗ ಯಾವುದು. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ದಿಗಂತದಿಂದ ಎಷ್ಟು ಮುಷ್ಟಿ ಮೇಲೆ ಎಂದು ಎಣಿಸಿ. ಕಿರುಬೆರಳು ಒಂದು ಡಿಗ್ರಿ. ಎಷ್ಟು ಹೊತ್ತು ಇತ್ತು, ಹೇಗೆ ಮರೆಯಾಯಿತು. ಮೊದಲು ಬರೆಯಿರಿ, ಆಮೇಲೆ ಫೋಟೊ.

ಹಳೆಕಡತ (ಬೆಂಗಳೂರು):

ಪ್ಯಾಂಗಾಂಗ್ ವರದಿಗಳಿಗಾಗಿ ಮಾಹಿತಿ ಹಕ್ಕು ಅರ್ಜಿಯ ಕರಡು ಇದು. ಹತ್ತು ರೂಪಾಯಿ ಶುಲ್ಕ, ಖಭೌತ ಸಂಸ್ಥೆಯ ಮಾಹಿತಿ ಅಧಿಕಾರಿಗೆ.

‘2012-13ರಲ್ಲಿ ಪ್ಯಾಂಗಾಂಗ್ ಸರೋವರ ಪ್ರದೇಶದಲ್ಲಿ ಕಂಡ ಬೆಳಕುಗಳ ಕುರಿತು ಸಂಸ್ಥೆಯು ಸಿದ್ಧಪಡಿಸಿದ ವೀಕ್ಷಣಾ ವರದಿಗಳ ನಕಲು ಕೊಡಿ. ಗಡಿಯ ಠಾಣೆಗಳ ಸ್ಥಾನ, ಉಪಕರಣಗಳ ವಿವರ ಮುಂತಾದ ಭದ್ರತಾ ಅಂಶಗಳಿದ್ದರೆ 10ನೇ ಕಲಂ ಪ್ರಕಾರ ಅವನ್ನು ಅಳಿಸಿ, ಉಳಿದ ಖಗೋಳ ಅಂಕಿಗಳನ್ನು ಕೊಡಿ.’

ಈ 10ನೇ ಕಲಂ ಬಹಳ ಮುಖ್ಯ, ಒಂದು ಪುಟದ ಗುಟ್ಟಿಗಾಗಿ ನೂರು ಪುಟ ತಡೆಯುವಂತಿಲ್ಲ. ಆಗಲೂ ನಿರಾಕರಿಸಿದರೆ ಮೊದಲ ಮೇಲ್ಮನವಿ. 8(3)ರ ಪ್ರಕಾರ ಇಪ್ಪತ್ತು ವರ್ಷ ಕಳೆದ ವಿಷಯಗಳಿಗೆ ಬಹುತೇಕ ತಡೆಗಳು ಬಿದ್ದುಹೋಗುತ್ತವೆ, ಭದ್ರತೆ, ಶಾಸನಸಭೆಯ ವಿಶೇಷ ಹಕ್ಕು ಮತ್ತು ಸಚಿವ ಸಂಪುಟದ ಕಾಗದಗಳ ತಡೆ ಮಾತ್ರ ಉಳಿಯುತ್ತದೆ. 2032ರಲ್ಲಿ ಇನ್ನೊಮ್ಮೆ ಕೇಳಲು ನನ್ನ ಡೈರಿಯಲ್ಲಿ ಈಗಲೇ ಬರೆದುಕೊಂಡಿದ್ದೇನೆ.

ನಿವೃತ್ತ ಸುಬೇದಾರ (ಮಡಿಕೇರಿ):

ಠಾಣೆಗಳ ಹೆಸರು ಅಳಿಸಿ ಎಂದು ನೀವೇ ಬರೆದದ್ದು ಸರಿ. ಅರ್ಜಿಗೆ ನನ್ನ ಸಹಿಯನ್ನೂ ಸೇರಿಸಿಕೊಳ್ಳಿ.

ಹಳೆಕಡತ (ಬೆಂಗಳೂರು):

ಸರ್, ಕಾಯ್ದೆಯಡಿ ಅರ್ಜಿ ಒಬ್ಬರ ಹೆಸರಿನಲ್ಲಿ ಹೋಗುವುದು ಒಳ್ಳೆಯದು. ನೀವು ನಿಮ್ಮ ಹೆಸರಿನಲ್ಲಿ ಪ್ರತ್ಯೇಕವಾಗಿ ಹಾಕಿ, ಕರಡು ಕಳಿಸಿಕೊಡುತ್ತೇನೆ.

ಮಲೆನಾಡಿಗ (ಕೊಪ್ಪ):

ಮೂರು ವಾರದಿಂದ ಬರೆಯುತ್ತಿದ್ದೇನೆ. ಅಪ್ಪ ಮಲಗುತ್ತಿದ್ದ ಅದೇ ಅಂಗಳದಿಂದ. ಎರಡನ್ನು ಇಲ್ಲಿ ಹಾಕುತ್ತೇನೆ.

ಒಂದು: ಸಂಜೆ 7 ಗಂಟೆ 12 ನಿಮಿಷ. ನೈಋತ್ಯದಲ್ಲಿ ಕೊಟ್ಟಿಗೆಯ ಮೂಲೆಯ ಮೇಲೆ ಎರಡು ಮುಷ್ಟಿ ಎತ್ತರದಲ್ಲಿ ಕಂಡಿತು. ಬಿಳಿ, ಮಿನುಗುವುದಿಲ್ಲ, ಸದ್ದಿಲ್ಲ. ನೆತ್ತಿಯ ಹತ್ತಿರ ಹಾದು ಈಶಾನ್ಯಕ್ಕೆ ಹೋಯಿತು. ನಾಲ್ಕು ಮುಷ್ಟಿ ಎತ್ತರದಲ್ಲಿರುವಾಗಲೇ ಮಂದವಾಗಿ ಆರಿತು. ಒಟ್ಟು ನಾಲ್ಕು ನಿಮಿಷ.

ಎರಡು: ಬೇರೆ ದಿನ, 7 ಗಂಟೆ 31 ನಿಮಿಷ. ಪಶ್ಚಿಮದ ಗುಡ್ಡದ ನೆತ್ತಿಯಿಂದ ಒಂದೂವರೆ ಮುಷ್ಟಿ ಮೇಲೆ. ಕಿತ್ತಳೆ ಬಣ್ಣ. ಅಲ್ಲಾಡಲಿಲ್ಲ. ಐವತ್ತು ಸೆಕೆಂಡ್ ಎಣಿಸಿದೆ, ಒಮ್ಮೆಲೇ ಇಲ್ಲವಾಯಿತು.

ಇರುಳುನೋಟ (ಶಿವಮೊಗ್ಗ):

ಮೊದಲನೆಯದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ನೀವು ಖಾಸಗಿಯಾಗಿ ಕಳಿಸಿದ ತಾರೀಖಿನ ಪಟ್ಟಿ ತೆಗೆದು ನೋಡಿದೆ, ನಿಮಿಷಕ್ಕೆ ನಿಮಿಷ ಕೂಡುತ್ತದೆ. ನಡು ಆಕಾಶದಲ್ಲೇ ಆರಿದ್ದು ಭೂಮಿಯ ನೆರಳಿಗೆ ಹೋದದ್ದರಿಂದ. ನೀವು ನೋಡಿದಾಗ ಅದರೊಳಗೆ ಮನುಷ್ಯರಿದ್ದರು.

ಎರಡನೆಯದಕ್ಕೆ ಎರಡು ಸಂಜೆ ಕುಳಿತೆ. ಆ ದಿಕ್ಕಿನಲ್ಲಿ, ಆ ಎತ್ತರದಲ್ಲಿ ಅಂದು ಯಾವ ಗ್ರಹವೂ ಇರಲಿಲ್ಲ. ಉಪಗ್ರಹ ಅಷ್ಟು ಹೊತ್ತು ನಿಲ್ಲುವುದಿಲ್ಲ. ನೇರವಾಗಿ ನಿಮ್ಮತ್ತ ಬರುತ್ತಿದ್ದ ವಿಮಾನದ ದೀಪ ನಿಂತಂತೆ ಕಾಣಬಹುದು, ತಿರುಗಿದೊಡನೆ ಆರಿದಂತೆ ತೋರಬಹುದು. ಆದರೆ ಆ ಹೊತ್ತಿನ ಯಾವ ಹಾರಾಟವೂ ನನಗೆ ಸಿಗಲಿಲ್ಲ. ನನ್ನ ಪುಸ್ತಕದಲ್ಲಿ ‘ಗುರುತಾಗಿಲ್ಲ’ ಎಂದು ಬರೆದಿದ್ದೇನೆ, ನಿಮ್ಮ ಊರಿನ ಹೆಸರು ಹಾಕಿ.

ಮಲೆನಾಡಿಗ (ಕೊಪ್ಪ):

ಹಾಗೆಯೇ ಇರಲಿ. ಇವತ್ತು ಮೋಡ ಕವಿದಿದೆ. ನಾಳೆ ಏಳಕ್ಕೆ ಮತ್ತೆ ಅಂಗಳದಲ್ಲಿ ಇರುತ್ತೇನೆ, ಮಗಳೂ ಬರುತ್ತೇನೆ ಎಂದಿದ್ದಾಳೆ. ಪೆನ್ಸಿಲ್ ಅವಳ ಕೈಯಲ್ಲಿ ಕೊಟ್ಟಿದ್ದೇನೆ.